ಎಳೆ ಹರಿದರೆ ನಿಲ್ಲುವ ಮಗ್ಗ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಂಗಲಾ ಎಂದರೆ ಈಗ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮೊದಲು ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಆಕೆ ಆ ಓಣಿಗೆ ಹಾಲೇಶನ ಹೆಂಡತಿ, ಮುತ್ತವ್ವನ ಸೊಸೆ, ಅಷ್ಟೇ. ಮುಂಜಾನೆ ಮನೆಗೆಲಸ ಮುಗಿಸಿ ರಾಟಿಯ ಮುಂದೆ ಕೂತರೆ ಸಂಜೆತನಕ ಲಾಳಿಯೊಳಗಿನ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡುವ ನೂರಾರು ಹೆಂಗಸರಲ್ಲಿ ಒಬ್ಬಳು. ಆ ಬೆರಳುಗಳಿಗೆ ನೂಲಲ್ಲದೆ ಇನ್ನೊಂದನ್ನು ಸುತ್ತುವುದೂ ಬರುತ್ತದೆ ಎಂಬುದನ್ನು ಮನೆಯವರು ಮರೆತೇ ಬಿಟ್ಟಿದ್ದರು. ಅವಳೂ ಮರೆತಂತೆಯೇ ಇದ್ದಳು.

ಅವಳು ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲಿ. ಅಪ್ಪ ಪರಮಾನಂದನದು ಪೇಟೆಯೊಳಗೆ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ಅದು ಟ್ರ್ಯಾಕ್ಟರು ಹತ್ತಿ ಅವನ ಅಂಗಡಿಯ ಕಟ್ಟೆಗೆ ಬಂದು ಇಳಿಯುತ್ತಿತ್ತು. ಸುಟ್ಟು ಕರಿಕಾದ ತಾಮ್ರದ ತಂತಿ ಕಿತ್ತು, ಹೊಸ ತಂತಿಯನ್ನು ಎಣಿಸಿ ಸುತ್ತಿ, ಅರಗು ಹಚ್ಚಿ ಒಣಗಿಸಿ ಕೊಡುವುದು ಅವನ ಕಸುಬು. ಶಾಲೆ ಬಿಟ್ಟ ಮೇಲೆ ಮಂಗಲಾ ಮನೆಗೆ ಹೋಗದೆ ಅಲ್ಲಿಗೇ ಹೋಗುತ್ತಿದ್ದಳು. ದೊಡ್ಡವರ ಕೈ ಹೋಗದ ಸಂದಿಗೆ ಅವಳ ಕೈ ಹೋಗುತ್ತಿತ್ತು. ಹತ್ತು ವರ್ಷಕ್ಕೇ ಅವಳು ಸುರುಳಿ ಸುತ್ತುವುದನ್ನು ಕಲಿತಳು.

ಅಂಗಡಿಯ ಗೋಡೆಗೆ ಒಂದು ಬಲ್ಬು ತೂಗುಬಿದ್ದಿತ್ತು. ಅದರಿಂದ ಎರಡು ತಂತಿಗಳು ಕೆಳಗೆ ಇಳಿದಿದ್ದವು. ಸುತ್ತಿದ ಸುರುಳಿಯ ಎರಡು ತುದಿಗೆ ಅವೆರಡನ್ನು ತಾಗಿಸಿದರೆ ಬಲ್ಬು ಹೊತ್ತಬೇಕು. ಹೊತ್ತದಿದ್ದರೆ ಒಳಗೆಲ್ಲೋ ತಂತಿ ಹರಿದಿದೆ ಎಂದು ಅರ್ಥ. ಒಂದು ದಿನ ಹೀಗೆ ಬಲ್ಬು ಹೊತ್ತದಿದ್ದಾಗ ಮಂಗಲಾ ಕೇಳಿದಳು:

"ಅಪ್ಪಾ, ತಂತಿ ಎಲ್ಲಿ ಹರದೈತೋ ಅಲ್ಲಿಂದ ಕರೆಂಟ ಸೋರಿ ಹೋಗೂದಿಲ್ಲೇನು? ನೀರಿನ ಪೈಪ ಒಡದಂಗ?"

ಪರಮಾನಂದ ಕೈಯೊಳಗಿನ ಕೆಲಸ ಬಿಟ್ಟು ಅವಳನ್ನು ಪಕ್ಕದ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದ. ಅಲ್ಲಿ ಮೋಟರಿಗೂ ಗಿರಣಿಗೂ ನಡುವೆ ಉದ್ದನೆಯ ಪಟ್ಟಾ ಗಿರಗಿರ ಓಡುತ್ತಿತ್ತು.

"ಆ ಪಟ್ಟಾ ಒಂದ ಕಡೆ ಹರೀತು ಅಂತ ತಿಳ್ಕೊ. ಏನಾಗತೈತಿ?"

"ನಿಂದರತೈತಿ."

"ಹರದಲ್ಲಿ ಅಷ್ಟ ನಿಂದರತೈತೋ, ಎಲ್ಲಾ ಕಡೆ ನಿಂದರತೈತೋ?"

"ಎಲ್ಲಾ ಕಡೆ."

"ಕರೆಂಟೂ ಹಂಗ, ಮಗಳ. ಹೋದದ್ದು ತಿರುಗಿ ಬರಬೇಕು. ಸುತ್ತು ಕೂಡಿದ್ರ ಅಷ್ಟ ಅದು ನಡೀತೈತಿ. ಒಂದ ಕಡೆ ಸುತ್ತು ಹರೀತಂದ್ರ ಸೋರಂಗಿಲ್ಲ, ತುಂಬಿ ಚೆಲ್ಲಂಗಿಲ್ಲ. ಇಡೀ ಸುತ್ತಿನಾಗ ಎಲ್ಲೂ ನಡ್ಯಾಂಗಿಲ್ಲ."

ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ತೆರೆದ ಮಂಡಲ, ಮುಚ್ಚಿದ ಮಂಡಲ ಎಂದು ಓದಿದಾಗ ಅವಳಿಗೆ ಅದು ಹೊಸದೆನಿಸಲಿಲ್ಲ. ಹತ್ತನೇ ಇಯತ್ತೆ ಮುಗಿಯಿತು. ಇನ್ನೂ ನಾಲ್ಕು ವರ್ಷ ಅಂಗಡಿಯಲ್ಲಿ ದುಡಿದಳು. ಆಮೇಲೆ ಬನಹಟ್ಟಿಯ ಹಾಲೇಶನ ಜೊತೆ ಮದುವೆಯಾಯಿತು. ತಾಮ್ರದ ತಂತಿ ಹೋಗಿ ಕೈಗೆ ನೂಲು ಬಂತು.

ಹಾಲೇಶ ಒಳ್ಳೆಯ ನೇಕಾರ. ಬಂಡು ಸಾಹುಕಾರರ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗ. ಅವುಗಳಲ್ಲಿ ಎರಡು ಅವನ ಪಾಲಿಗೆ. ಅವನು ನೇಯ್ದ ಸೀರೆಯನ್ನು ಸಾಹುಕಾರರು ಬಿಚ್ಚಿ ಸಹ ನೋಡುತ್ತಿರಲಿಲ್ಲ, ನೇರ ಗಂಟು ಕಟ್ಟಿಸುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಚಾಚಿಕೊಂಡ ಎಳೆಗಳು ಹಾಸು. ಲಾಳಿ ಅಡ್ಡಡ್ಡ ತಂದು ಸೇರಿಸುವ ಎಳೆ ಹೊಕ್ಕು. ಹೊಕ್ಕಿನ ನೂಲು ತೀರಿದರೆ ಮಗ್ಗ ತಾನೇ ನಿಲ್ಲುತ್ತದೆ. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಹರಿದರೆ ಮಾತ್ರ ಮಗ್ಗಕ್ಕೆ ಗೊತ್ತಾಗುವುದಿಲ್ಲ. ಅದು ಓಡುತ್ತಲೇ ಇರುತ್ತದೆ, ಹರಿದ ಜಾಗದಲ್ಲಿ ಸೀರೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತ ಹೋಗುತ್ತದೆ. ಅದನ್ನು ಕಾಯುವುದು ನೇಕಾರನ ಕಣ್ಣು.

ನಾಲ್ಕು ವರ್ಷದ ಹಿಂದೆ ಆ ಕಣ್ಣು ಕೈಕೊಟ್ಟಿತು. ಮೊದಮೊದಲು ಹಾಲೇಶ ಯಾರಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ತಲೆ ಓರೆ ಮಾಡಿ ತಾಟು ನೋಡುವುದನ್ನು ಮಂಗಲಾ ಗಮನಿಸಿದಳು. ಒತ್ತಾಯ ಮಾಡಿ ಕೇಳಿದಾಗ ಅವನು ನಗುವ ಪ್ರಯತ್ನ ಮಾಡಿದ.

"ನಿನ್ನ ಎರಡೂ ಕಿವಿ ಕಾಣ್ತಾವ ನೋಡು. ನಡುವ ಮಾರಿ ಇಲ್ಲ."

ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸವೆದಿದೆ, ಸುತ್ತಲಿನ ನೋಟ ಉಳಿಯುತ್ತದೆ, ನಡುವಿನದು ತಿರುಗಿ ಬರುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದರು. ಅವನು ಓಣಿಯಲ್ಲಿ ಯಾರ ಕೈ ಹಿಡಿಯದೆ ನಡೆಯಬಲ್ಲ. ಬೆಳಕು ಕತ್ತಲೆ ಗೊತ್ತಾಗುತ್ತದೆ. ಕೂದಲೆಳೆಯಂಥ ನೂಲು ಮಾತ್ರ ಕಾಣುವುದಿಲ್ಲ.

ಸೀರೆಗಳಲ್ಲಿ ಗೆರೆ ಬೀಳಲು ಶುರುವಾಯಿತು. ಬಂಡು ಸಾಹುಕಾರರು ಕೆಟ್ಟವರಲ್ಲ. ಹಾಲೇಶನನ್ನು ಬದಿಗೆ ಕರೆದು, "ಹಾಲೇಶಾ, ನೀ ಇನ್ನ ಸೀರಿ ಮಡಚೂ ಕಡೆ ಕೂಡು. ಮಗ್ಗ ಬ್ಯಾರೆಯಾವ್ರ ನೋಡ್ಲಿ," ಎಂದರು. ಹಾಲೇಶ "ಆತ್ರಿ" ಅಂದ. ಮನೆಗೆ ಬಂದು ತಾಯಿಗೂ ಹೆಂಡತಿಗೂ ಅದನ್ನೇ ಹೇಳಿದ. ಮುತ್ತವ್ವ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಮಂಗಲಾ ಮೊದಲು ತಾನೇ ಮಗ್ಗದ ಹಿಂದೆ ಕೂತು ಎಳೆ ಕಾಯುತ್ತೇನೆ ಎಂದು ಸಾಹುಕಾರರನ್ನು ಕೇಳಿಕೊಂಡಳು. ಒಂದು ವಾರ ಕೂತಳು. ಅವಳು ಕೂಗಿದಾಗ ಹಾಲೇಶ ಮಗ್ಗ ನಿಲ್ಲಿಸುವುದು. ಆ ಗದ್ದಲದಲ್ಲಿ ಅವಳ ಕೂಗು ಅವನಿಗೆ ಮುಟ್ಟುವಷ್ಟರಲ್ಲಿ ಒಂದು ಗೇಣು ಬಟ್ಟೆ ಹೋಗಿರುತ್ತಿತ್ತು. ಮೇಲಾಗಿ ಗಂಡನ ಕಣ್ಣಾಗಿ ದಿನವಿಡೀ ಅಲ್ಲೇ ಕೂತರೆ ಕಂಡಿಕೆ ಸುತ್ತುವವರಾರು?

ನೆರೆಮನೆಯ ಲಕ್ಷ್ಮವ್ವ ಒಂದು ಕಾಲಕ್ಕೆ ಇಚಲಕರಂಜಿಯ ದೊಡ್ಡ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವಳು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಮಾತಾಡುವಾಗ ಅವಳಂದಳು:

"ಅಲ್ಲಿ ಎಳಿ ಕಾಯಾಕ ಯಾರೂ ಬೇಕಾಗಿಲ್ಲವ್ವಾ. ಒಂದೊಂದ ಎಳಿ ಮ್ಯಾಲ ಒಂದೊಂದ ಡ್ರಾಪ್ ಪಿನ್ನು ಕುಂದರಸಿರ್ತಾರ. ತೆಳ್ಳನ ಕಬ್ಬಿಣದ ಪಟ್ಟಿ. ಎಳಿ ಹರೀತು ಅಂದ್ರ ಪಿನ್ನು ಪಟ್ಟನ ಬೀಳತೈತಿ, ಮಗ್ಗ ನಿಂತ ಬಿಡತೈತಿ."

"ಪಿನ್ನ ಬಿದ್ರ ಮಗ್ಗ ಯಾಕ ನಿಂದರತೈತಿ?"

"ಅದ ನನಗ ಗೊತ್ತಿಲ್ಲ. ಕೆಳಗ ಕರೆಂಟಿನ ಪಟ್ಟಿ ಇರತೈತಿ."

ಮಂಗಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಪ್ಪನ ಅಂಗಡಿಯಲ್ಲಿ ಹರಿದದ್ದೆಲ್ಲ ಸುತ್ತನ್ನು ನಿಲ್ಲಿಸುತ್ತಿತ್ತು. ಇಲ್ಲಿ ನೂಲು ಹರಿದರೆ ಕಬ್ಬಿಣ ಬೀಳುತ್ತದೆ, ಕಬ್ಬಿಣ ಬಿದ್ದರೆ ದೂರವಿದ್ದ ಎರಡು ಪಟ್ಟಿಗಳು ಒಂದಾಗುತ್ತವೆ, ಅಂದರೆ ಸುತ್ತು ಕೂಡುತ್ತದೆ. ಹರಿಯುವುದು ನೂಲು, ಕೂಡುವುದು ಕರೆಂಟು. ಇಷ್ಟು ಹೊಳೆದದ್ದೇ ಅವಳಿಗೆ ಮೈಯೆಲ್ಲ ಹಗುರವಾದಂತಾಯಿತು. ಎಷ್ಟೋ ವರ್ಷದ ಮೇಲೆ ಅವಳ ಬೆರಳುಗಳಿಗೆ ತಾಮ್ರದ ನೆನಪಾಯಿತು.

ಮರುವಾರ ಲಕ್ಷ್ಮವ್ವನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿ ಇಚಲಕರಂಜಿಗೆ ಹೋದಳು. ಅಲ್ಲಿನ ಗುಜರಿಯಲ್ಲಿ ಒಡೆದ ಗಿರಣಿಗಳ ಹಳೆಯ ಪಿನ್ನುಗಳು ಚೀಲಗಟ್ಟಲೆ ಬಿದ್ದಿದ್ದವು, ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರು. ಎರಡು ಚೀಲ ಪಿನ್ನು, ಅವುಗಳ ಸೀಳಿನೊಳಗೆ ಹಾಯುವ ಒಂದು ಉದ್ದನೆಯ ಜೋಡಿಪಟ್ಟಿ ತಂದಳು. ಜೋಡಿಪಟ್ಟಿಯಲ್ಲಿ ಹೊರಗೊಂದು ಲೋಹ, ಒಳಗೊಂದು ಲೋಹ, ಎರಡೂ ತಾಗದ ಹಾಗೆ ನಡುವೆ ಫೈಬರು. ಮನೆಯ ಅಂಗಳದಲ್ಲಿ ಸುರಿದಾಗ ಮುತ್ತವ್ವ ಗದ್ದಕ್ಕೆ ಕೈ ಹಚ್ಚಿದಳು.

"ಏನವಾ ಇದು, ಗುಜರಿ ಅಂಗಡಿ ಇಡಾಕಿಯೇನು?"

"ಅತ್ತಿ, ಇವನ್ನ ಸೀಮೆಎಣ್ಣಿಯಾಗ ತಿಕ್ಕಿ ಕೊಡ್ರಿ. ತುಕ್ಕ ಇದ್ರ ಕರೆಂಟ ಹಾಯಂಗಿಲ್ಲ."

ಬೈಯುತ್ತಲೇ ಮುತ್ತವ್ವ ತಿಕ್ಕಲು ಕೂತಳು. ಮೂರು ದಿನ ಬೈದಳು, ಮೂರು ದಿನವೂ ತಿಕ್ಕಿದಳು.

ಸಾಹುಕಾರರನ್ನು ಒಪ್ಪಿಸುವುದು ಇನ್ನೊಂದು ಕೆಲಸ. ಮಗ್ಗದ ಶೆಡ್ಡೆಂದರೆ ಹತ್ತಿಯ ದೂಳು, ಎಲ್ಲೆಲ್ಲೂ ಹಾರಾಡುವ ನೂಲಿನ ಜುಂಗು. ಒಂದು ಕಿಡಿ ಬಿದ್ದರೆ ಎಂಟೂ ಮಗ್ಗ ಬೂದಿ. "ನೂಲಿನ ನಡುವ ಕರೆಂಟ ಬಿಡತೀನಿ ಅಂತೀಯಲ್ಲ ತಂಗಿ, ತಲಿ ನೆಟ್ಟಗ ಐತೇನು?" ಎಂದರು. ಮಂಗಲಾ ಚೀಲದಿಂದ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ತೆಗೆದಳು. ಗೋಡೆಯ ಕರೆಂಟನ್ನು ಅದು ಹನ್ನೆರಡು ವೋಲ್ಟಿಗೆ ಇಳಿಸುತ್ತದೆ, ಮೋಟರ್ ಸೈಕಲ್ಲಿನ ದೀಪಕ್ಕೆ ಬರುವಷ್ಟೇ. ನೀರಿನಲ್ಲಿ ಕೈ ಅದ್ದಿ, ಆ ಹನ್ನೆರಡು ವೋಲ್ಟಿನ ಎರಡು ತಂತಿಗಳನ್ನು ಬೆರಳಲ್ಲಿ ಹಿಡಿದು ನಿಂತಳು.

"ನೋಡ್ರಿ ಸಾಹುಕಾರ್ರ. ದಿನಾ ಮುಂಜಾನೆ ಜುಂಗು ನಾನ ಬಳದ ಕೊಡತೀನಿ. ಒಂದ ಮಗ್ಗಕ್ಕ ಅಷ್ಟ, ಒಂದ ತಿಂಗಳಾ."

ಸಾಹುಕಾರರು ಅವಳ ಒದ್ದೆ ಕೈಯನ್ನೇ ನೋಡಿದರು. ಆಮೇಲೆ, "ವೈರ್‌ಮನ್ ಬಂದು ಛಲೋ ಐತಿ ಅಂದ್ರ ಹಾಕು," ಎಂದರು. ಅವರ ವೈರ್‌ಮನ್ ಬಂದು ನೋಡಿ ಹೌದೆಂದ.

ಹಾಸಿನಲ್ಲಿ ಎರಡು ಸಾವಿರದ ಎಂಟುನೂರು ಎಳೆ. ಒಂದೊಂದರ ಮೇಲೂ ಒಂದೊಂದು ಪಿನ್ನು ಕೂರಿಸಬೇಕು. ಗಂಡ ಹೆಂಡತಿ ಇಬ್ಬರೂ ಮಗ್ಗದ ಆಚೆ ಈಚೆ ಕೂತರು. ಕಣ್ಣು ಸಹಾಯಕ್ಕಿಲ್ಲದಿದ್ದರೂ ಹಾಲೇಶನ ಬೆರಳಿಗೆ ಎಳೆ ಸಿಗುತ್ತಿತ್ತು. ನಾಲ್ಕು ದಿನ ಹಿಡಿಯಿತು. ಆಮೇಲೆ ಮಂಗಲಾ ಒಂದು ಸುರುಳಿ ಸುತ್ತಿದಳು. ಪಿನ್ನು ಬಿದ್ದು ಸುತ್ತು ಕೂಡಿದಾಗ ಆ ಸುರುಳಿಗೆ ಕರೆಂಟು ಹಾಯಬೇಕು, ಅದು ಅಯಸ್ಕಾಂತವಾಗಿ ಮಗ್ಗದ ಹಿಡಿಕೆಯ ಕೊಂಡಿ ಎಳೆಯಬೇಕು, ಮಗ್ಗ ನಿಲ್ಲಬೇಕು. ಮಗ್ಗ ಶುರು ಮಾಡಿ ಅವಳು ಕತ್ತರಿಯಿಂದ ಒಂದು ಎಳೆ ಕತ್ತರಿಸಿದಳು. ಖಟಕ್ಕೆಂದು ಮಗ್ಗ ನಿಂತಿತು. ಹಾಲೇಶ ಪಿನ್ನುಗಳ ಸಾಲಿನ ಮೇಲೆ ಬೆರಳಾಡಿಸುತ್ತ ಹೋದ. ಒಂದು ಕಡೆ ಬೆರಳು ತಡೆಯಿತು. ಆ ಒಂದು ಪಿನ್ನು ಉಳಿದವಕ್ಕಿಂತ ತಗ್ಗಿನಲ್ಲಿತ್ತು.

"ಇಲ್ಲೈತಿ! ಮಂಗಲಾ, ಇಲ್ಲೈತಿ!" ಎಂದು ಅವನು ಕೂಗಿದ. ಮಗ್ಗ ನಿಂತದ್ದಷ್ಟೇ ಅಲ್ಲ, ಎಲ್ಲಿ ಹರಿದಿದೆ ಎಂಬುದನ್ನೂ ಅವನ ಕೈಗೆ ಹೇಳಿತ್ತು. ಗಂಟು ಹಾಕುವುದು ಅವನಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು.

ಮೊದಲ ಹದಿನೈದು ದಿನ ಸುಖ ಇರಲಿಲ್ಲ. ಎಳೆ ಹರಿಯದೆಯೂ ಮಗ್ಗ ನಿಲ್ಲುತ್ತಿತ್ತು. ಹಾಸು ಸಡಿಲಾದಲ್ಲಿ ಪಿನ್ನು ಜೋತು ಬಿದ್ದು ಪಟ್ಟಿಗೆ ತಾಗುತ್ತಿತ್ತು. ಹಾಲೇಶ ಹಾಸನ್ನು ಬಿಗಿ ಮಾಡಿ ಅದನ್ನು ಸರಿಪಡಿಸಿದ. ಆಮೇಲೆ ಇದರ ತಿರುವುಮುರುವು. ಎಳೆ ಹರಿದರೂ ಮಗ್ಗ ನಿಲ್ಲಲಿಲ್ಲ. ಪಿನ್ನು ಬಿದ್ದಿತ್ತು, ಆದರೆ ಪಟ್ಟಿಯ ಮೇಲೆ ಜುಂಗು ಕೂತು ಲೋಹಕ್ಕೆ ಲೋಹ ತಾಗದಂತೆ ತಡೆದಿತ್ತು. ಇದಕ್ಕೆ ಮದ್ದು ಕಂಡುಹಿಡಿದವಳು ಮುತ್ತವ್ವ. ಹಂಚಿಕಡ್ಡಿಯ ಕಸಬರಿಗೆಯನ್ನು ಗಿಡ್ಡಗೆ ಕತ್ತರಿಸಿ ಗಟ್ಟಿ ಕಟ್ಟಿ ಒಂದು ಕುಂಚ ಮಾಡಿದಳು. ದಿನವೂ ಮುಂಜಾನೆ ತಾನೇ ಶೆಡ್ಡಿಗೆ ಹೋಗಿ ಪಟ್ಟಿ ಬಳಿದು ಬರತೊಡಗಿದಳು. ಯಾರಾದರೂ ಕೇಳಿದರೆ, "ನನ್ನ ಸೊಸಿ ಮಗ್ಗಕ್ಕ ಬುದ್ಧಿ ಕಲಸ್ಯಾಳ. ಮಾರಿ ತೊಳಿಯೂದು ನನ್ನ ಪಾಲಿಗೆ ಬಂದೈತಿ," ಎನ್ನುತ್ತಿದ್ದಳು.

ಎರಡು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಸಾಹುಕಾರರು ಎರಡನೆಯ ಮಗ್ಗಕ್ಕೂ ಹಾಕು ಎಂದರು.

ಆಗ ಅದು ಆದದ್ದು. ಒಂದು ಮಧ್ಯಾಹ್ನ ಸೀರೆ ಮಡಚುವವರು ಹಾಲೇಶನ ಮಗ್ಗದ ಬಟ್ಟೆಯನ್ನು ಬಿಸಿಲಿಗೆ ಹಿಡಿದರು. ಹಲ್ಲು ಮುರಿದ ಬಾಚಣಿಗೆಯಿಂದ ತಲೆ ಬಾಚಿದ ಹಾಗೆ ಒಂದು ಗೆರೆ. ಒಂದಲ್ಲ, ಸಾಲಾಗಿ ಮೂರು ಸೀರೆಗಳಿಗೂ ಅದೇ ಗೆರೆ. ಪಿನ್ನು ಬಿದ್ದಿತ್ತು. ಪಟ್ಟಿಯೂ ಲಕಲಕ ಹೊಳೆಯುತ್ತಿತ್ತು. ಮಂಗಲಾ ಮಗ್ಗದ ಕೆಳಗೆ ನುಸುಳಿ ನೋಡಿದಳು. ಅಲುಗಾಟಕ್ಕೆ ಒಂದು ತಂತಿಯ ತುದಿ ಕಳಚಿ ಜೋತಾಡುತ್ತಿತ್ತು. ಸುತ್ತು ಅಲ್ಲಿ ಹರಿದ ಮೇಲೆ ಪಿನ್ನು ಬಿದ್ದರೇನು, ಬಿಟ್ಟರೇನು?

ಹಾಲೇಶ ಅವಳ ಮೇಲೆ ಸಿಟ್ಟಾಗಲಿಲ್ಲ. ಆದರೆ ಆ ಸಂಜೆ ಅವನು ಹೇಳಿದ ಮಾತು ಅವಳಿಗೆ ಸಿಟ್ಟಿಗಿಂತ ಹೆಚ್ಚು ನಾಟಿತು.

"ಮೊದಲ ಗಳಿಗೆಗೊಮ್ಮೆ ಬಟ್ಟಿ ಮ್ಯಾಲ ಅಂಗೈ ಆಡಸ್ತಿದ್ದೆ. ಪಿನ್ನು ಬಂದ ಮ್ಯಾಲ ಅದನ್ನ ಬಿಟ್ಟೆ. ಮಗ್ಗ ನಿಂದರಲಿಲ್ಲ ಅಂದ್ರ ಎಲ್ಲಾ ಛಲೋ ಐತಿ ಅಂತ ತಿಳಕೊಂಡೆ."

ತಪ್ಪು ಎಲ್ಲಿದೆ ಎಂದು ಮಂಗಲಾಳಿಗೆ ಆಗ ಗೊತ್ತಾಯಿತು. ಕಳಚಿದ ತಂತಿಯನ್ನು ತಿರುಗಿ ಬಿಗಿಯುವುದು ಎರಡು ನಿಮಿಷದ ಕೆಲಸ. ನಾಳೆ ಇನ್ನೊಂದು ಕಡೆ ಕಳಚೀತು. ಅವಳು ಕಟ್ಟಿದ ಸುತ್ತು ದಿನವಿಡೀ ತೆರೆದೇ ಇರುತ್ತಿತ್ತು, ಎಳೆ ಹರಿದಾಗ ಮಾತ್ರ ಕೂಡುತ್ತಿತ್ತು. ಎಲ್ಲ ಸರಿ ಇದ್ದಾಗಲೂ ಅದು ಸುಮ್ಮನೆ, ತಾನೇ ಕೆಟ್ಟು ಬಿದ್ದಾಗಲೂ ಸುಮ್ಮನೆ. ಎರಡೂ ಮೌನ ಒಂದೇ ಥರ. ಕಣ್ಣಿಲ್ಲದವನು ಯಾವ ಮೌನವನ್ನು ನಂಬಬೇಕು?

ಸಾಹುಕಾರರು ಮಗ್ಗಕ್ಕೆ ಬೇರೆಯವರನ್ನು ಕೂರಿಸಿದರು. ಮಂಗಲಾ ಜಮಖಂಡಿಯ ಬಸ್ಸು ಹತ್ತಿದಳು.

ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಿದ್ದ. ಪರಮಾನಂದನಿಗೆ ಎಪ್ಪತ್ತೆಂಟು, ಕೈ ನಡುಗುತ್ತಿತ್ತು. ಆದರೂ ದಿನವೂ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮಗಳು ಹೇಳಿದ್ದನ್ನೆಲ್ಲ ಕೇಳಿ ಅವನು ಹೂಂ ಎಂದ, ಅಷ್ಟೇ. ಅಷ್ಟರಲ್ಲಿ ಹಿಪ್ಪರಗಿಯ ರೈತನೊಬ್ಬ ಪಂಪ್‌ಸೆಟ್ಟಿನ ಸ್ಟಾರ್ಟರ್ ಹೊತ್ತುಕೊಂಡು ಬಂದ.

"ಹಸರ ಗುಂಡಿ ಒತ್ತಿದ್ರ ನಿಂದರವಲ್ದರಿ. ಕೈ ತಗದ್ರ ಟಕ್ಕನ ಹೊರಗ ಬರತೈತಿ."

ತಮ್ಮ ಊಟಕ್ಕೆ ಹೋಗಿದ್ದ. ಪರಮಾನಂದ ಮಗಳ ಕಡೆ ನೋಡಿದ. ಮಂಗಲಾ ಸೆರಗು ಸಿಕ್ಕಿಸಿ ಸ್ಟಾರ್ಟರ್ ಬಿಚ್ಚಿದಳು. ಒಳಗಿನ ಸುರುಳಿಗೆ ಬಲ್ಬಿನ ತಂತಿ ತಾಗಿಸಿದಳು. ಬಲ್ಬು ಹೊತ್ತಲಿಲ್ಲ. ಸುರುಳಿ ಹರಿದಿತ್ತು. ಒತ್ತಿದ ಗುಂಡಿಯನ್ನು ಹಿಡಿದಿಡುವುದು ಆ ಸುರುಳಿಯ ಕೆಲಸ. ಅದರೊಳಗೆ ಕರೆಂಟು ನಡೆಯುವ ತನಕ ಅಯಸ್ಕಾಂತ ಗುಂಡಿಯನ್ನು ಹಿಡಿದಿರುತ್ತದೆ, ಕರೆಂಟು ನಿಂತ ಗಳಿಗೆ ಬಿಟ್ಟುಬಿಡುತ್ತದೆ. ಇಂಥ ಸುರುಳಿಗಳನ್ನು ಅವಳು ನೂರಾರು ಸುತ್ತಿದ್ದಳು.

ಪರಮಾನಂದ ಮೆಲ್ಲಗೆ ಕೇಳಿದ: "ನಿನ್ನ ಮಗ್ಗದ ಸುರುಳಿ ಯಾವಾಗ ಕೆಲಸಾ ಮಾಡತೈತಿ?"

"ಎಳಿ ಹರದಾಗ."

"ಈ ಸುರುಳಿ?"

"ಇದು ಎಲ್ಲಾ ಹೊತ್ತೂ…" ಎಂದವಳು ಅಲ್ಲೇ ನಿಂತಳು. ಸ್ಟಾರ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಅಪ್ಪಾ, ಇದು ಕೆಟ್ಟರ ಮೋಟರ ನಿಂದರತೈತಿ. ಕೆಟ್ಟೇನಿ ಅಂತ ತಾನ ಹೇಳತೈತಿ!"

"ಹೇಳೂದಿಲ್ಲ ಮತ್ತ?" ಎಂದ ಮುದುಕ. ರೈತ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಅಂದು ಸುರುಳಿ ಬೇಗ ಸುತ್ತಿ ಸಿಕ್ಕಿತು.

ಮಂಗಲಾ ಅಲ್ಲೇ ಇನ್ನೊಂದು ಸುರುಳಿ ಸುತ್ತಿದಳು, ಹನ್ನೆರಡು ವೋಲ್ಟಿಗೆ ಹೊಂದುವಂತೆ ದಪ್ಪ ತಂತಿಯದು. ಬನಹಟ್ಟಿಗೆ ಬಂದು ಹಳೆಯ ವೈರಿಂಗೆಲ್ಲ ಕಿತ್ತು ಹಾಕಿದಳು. ಈಗ ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಹೊರಟು ಒಂದು ಬೈಕಿನ ಬಲ್ಬು ಹಾಯ್ದು, ಜೋಡಿಪಟ್ಟಿಯ ಹೊರಗಿನ ಲೋಹದಲ್ಲಿ ಮಗ್ಗದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ಅಲ್ಲಿ ಮಗ್ಗದ ಮೋಟರಿನ ಸ್ಟಾರ್ಟರಿಗೆ ಕೂರಿಸಿದ ಆ ಹೊಸ ಸುರುಳಿಯೊಳಗೆ ಸುತ್ತಿ, ಒಳಗಿನ ಲೋಹದ ಮೇಲೆ ಹಾಯ್ದು ಹೊರಟಲ್ಲಿಗೇ ತಿರುಗಿ ಬರುತ್ತಿತ್ತು. ಇಡೀ ದಿನ ಸುತ್ತು ಕೂಡಿಯೇ ಇರಬೇಕು. ಸುರುಳಿ ಗುಂಡಿಯನ್ನು ಹಿಡಿದಿರುವ ತನಕ ಮಗ್ಗ ಓಡುತ್ತದೆ. ಎಲ್ಲಾದರೂ ತಂತಿ ಕಳಚಿದರೆ ಸುತ್ತು ಹರಿಯುತ್ತದೆ, ಸುರುಳಿ ಕೈಬಿಡುತ್ತದೆ, ಮಗ್ಗ ನಿಲ್ಲುತ್ತದೆ. ಇನ್ನು ಎಳೆ ಹರಿದು ಪಿನ್ನು ಬಿದ್ದರೆ? ಆಗ ಹೊರಗಿನ ಲೋಹಕ್ಕೂ ಒಳಗಿನ ಲೋಹಕ್ಕೂ ನಡುವೆ ಅಡ್ಡದಾರಿ ಬೀಳುತ್ತದೆ. ಕರೆಂಟು ಸುರುಳಿಯ ತನಕ ಹೋಗದೆ ಆ ಹತ್ತಿರದ ದಾರಿಯಲ್ಲೇ ತಿರುಗಿ ಬಿಡುತ್ತದೆ. ಸುರುಳಿಗೆ ಏನೂ ಸಿಗುವುದಿಲ್ಲ. ಅದು ಕೈಬಿಡುತ್ತದೆ, ಮಗ್ಗ ನಿಲ್ಲುತ್ತದೆ.

ಬಲ್ಬು ಹಾಕಿದ್ದು ಅಡ್ಡದಾರಿ ಬಿದ್ದಾಗ ಕರೆಂಟು ಮಿತಿಮೀರಬಾರದೆಂದು. ಅದು ಇನ್ನೊಂದು ಕೆಲಸವನ್ನೂ ಮಾಡಿತು. ನಾಲ್ಕಾರು ಬಲ್ಬು ಹಾಕಿ ತೆಗೆದು ನೋಡುವಾಗ ಮಂಗಲಾಳ ಗಮನಕ್ಕೆ ಬಂತು. ಮಗ್ಗ ಓಡುವಾಗ ಸುರುಳಿಯ ತಡೆಯಿಂದ ಬಲ್ಬು ಕೆಂಪಗೆ ಮಂದವಾಗಿ ಉರಿಯುತ್ತಿತ್ತು. ಪಿನ್ನು ಬಿದ್ದರೆ ತಡೆ ತಪ್ಪಿ ಝಗ್ಗೆಂದು ಬೆಳಗುತ್ತಿತ್ತು. ತಂತಿ ಕಳಚಿದರೆ ಪೂರ್ತಿ ಆರುತ್ತಿತ್ತು. ಅವಳು ಬಲ್ಬನ್ನು ಎದುರಿಗೆ ಇಡಲಿಲ್ಲ. ಹಾಲೇಶ ನಿಲ್ಲುವ ಜಾಗದಿಂದ ಎಡಬದಿಗೆ, ಅವನ ಓರೆಗಣ್ಣಿಗೆ ಬೀಳುವಂತೆ ಕಟ್ಟಿದಳು.

"ಕಾಣತೈತೇನ್ರಿ?"

ಹಾಲೇಶ ತಲೆ ಅಲುಗಿಸದೆ ನಿಂತ. "ಕಾಣತೈತಿ. ಮಂದ ಐತಿ." ಅವಳು ಒಂದು ಪಿನ್ನು ಒತ್ತಿದಳು. "ಈಗ ಜೋರ ಆತು!" ಒಂದು ತಂತಿ ಕಿತ್ತಳು. "ಈಗ ಹೋತು."

ಬಂಡು ಸಾಹುಕಾರರು ಈ ಸಲ ಸುಲಭಕ್ಕೆ ಒಪ್ಪಲಿಲ್ಲ. ಬಂದು ಕೈಕಟ್ಟಿ ನಿಂತರು. ಹಾಲೇಶ ಮಗ್ಗ ಶುರು ಮಾಡಿ, ಕಟಿಂಗ್ ಪ್ಲೈಯರನ್ನು ತಾನೇ ಅವರ ಕೈಗೆ ಕೊಟ್ಟ. "ನಿಮಗ ತಿಳಿದಲ್ಲಿ ಕತ್ತರಿಸ್ರಿ ಸಾಹುಕಾರ್ರ. ದೊಡ್ಡ ಕರೆಂಟಿನ ವೈರ ಅಷ್ಟ ಮುಟ್ಟಬ್ಯಾಡ್ರಿ." ಸಾಹುಕಾರರು ಬಗ್ಗಿ, ಯಾರೂ ನೋಡದ ಮೂಲೆಯಲ್ಲಿ ಮಗ್ಗದ ಕಾಲಿನ ಹಿಂದೆ ಒಂದು ತಂತಿ ಕತ್ತರಿಸಿದರು. ಮಗ್ಗ ನಿಂತಿತು, ಬಲ್ಬು ಆರಿತು. ಅದನ್ನು ಜೋಡಿಸಿದ ಮೇಲೆ ಇನ್ನೊಂದು ಕಡೆ ಕತ್ತರಿಸಿದರು. ಆಗಲೂ ಅದೇ. ಮೂರನೆಯ ಸಲ ಒಂದು ಎಳೆ ಹರಿದರು. ಬಲ್ಬು ಝಗ್ಗೆಂದಿತು. ಹಾಲೇಶ ಬೆರಳಾಡಿಸಿ ಪಿನ್ನು ಹುಡುಕಿ ಗಂಟು ಹಾಕುವ ತನಕ ಸಾಹುಕಾರರು ಅಲ್ಲೇ ನಿಂತಿದ್ದರು. ಗಂಟು ಹಾಕದೆಯೇ ಅವರೊಮ್ಮೆ ಹಸಿರು ಗುಂಡಿ ಒತ್ತಿ ನೋಡಿದ್ದರು. ಗುಂಡಿ ಒಳಗೆ ನಿಲ್ಲದೆ ಹೊರಗೆ ಬಂದಿತ್ತು.

"ತಂಗಿ," ಎಂದರು ಕೊನೆಗೆ, "ಉಳದ ಏಳ ಮಗ್ಗಕ್ಕೂ ಹಾಕಿ ಕೊಡು. ಇವಂಗ ಕಣ್ಣ ಇಲ್ಲಂತ ಅಲ್ಲ. ಕಣ್ಣ ಇದ್ದವ್ರೂ ತೂಕಡಸ್ತಾರ."

ಹಾಲೇಶ ಅಂದಿನಿಂದ ತನ್ನ ಎರಡು ಮಗ್ಗ ಬಿಟ್ಟು ಕದಲಿಲ್ಲ. ಅವನು ನೇಯ್ದ ಸೀರೆಯಲ್ಲಿ ಗೆರೆ ಬಿದ್ದ ಸುದ್ದಿ ಮತ್ತೆ ಬಂದಿಲ್ಲ. ಅಂಗೈಯನ್ನು ಬಟ್ಟೆಯ ಮೇಲೆ ಆಡಿಸುವುದನ್ನೂ ಅವನು ಮತ್ತೆ ಶುರು ಮಾಡಿದ್ದಾನೆ. ಯಾಕೆ ಎಂದು ಮಂಗಲಾ ಕೇಳಿದರೆ, "ಬಟ್ಟಿ ಮಾತಾಡಸಬೇಕಲ್ಲ," ಎನ್ನುತ್ತಾನೆ.

ಬನಹಟ್ಟಿ, ರಬಕವಿಗಳಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಮಗ್ಗಗಳಿಗೆ ಮಂಗಲಾಳ ಸುತ್ತು ಬಿದ್ದಿದೆ. ಹೆಚ್ಚಿನವು ವಯಸ್ಸಾಗಿ ಕಣ್ಣು ಮಂದವಾದವರ ಮಗ್ಗಗಳು. ಒಬ್ಬಳೇ ನಾಲ್ಕು ಮಗ್ಗ ನೋಡುವ ಹೆಂಗಸರವೂ ಕೆಲವಿವೆ. ಅವಳದು ಒಂದೇ ಕರಾರು. ಮಗ್ಗ ನಡೆಸುವವರು ಸುತ್ತನ್ನು ತಾವೇ ಪರೀಕ್ಷೆ ಮಾಡಲು ಕಲಿಯಬೇಕು. ಕಲಿಯದಿದ್ದರೆ ಅವಳು ಹಾಕಿ ಕೊಡುವುದಿಲ್ಲ. "ನಾ ಇಲ್ಲಂದ್ರ ನಿಂತ ಬಿಡೂ ಮಗ್ಗ ನನಗ ಬ್ಯಾಡ," ಎನ್ನುತ್ತಾಳೆ. ಬೇಸರಪಟ್ಟುಕೊಂಡು ಹೋದವರೂ ಇದ್ದಾರೆ. ಅವರಲ್ಲಿ ಅರ್ಧ ಮಂದಿ ತಿರುಗಿ ಬಂದಿದ್ದಾರೆ.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಲಕ್ಷ್ಮವ್ವನ ಫೋನು ಬಂತು. ಆಕೆ ಈಗ ರಬಕವಿಯ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾಳೆ. ಮಂಗಲಾ ಆಗತಾನೆ ರೊಟ್ಟಿ ಬಡಿಯಲು ಕೂತಿದ್ದಳು.

"ಮಂಗಲಾ, ಬಲ್ಬ ಆರಿ ಹೋಗೇತಿ. ಮಗ್ಗ ನಿಂತೈತಿ. ಹಬ್ಬದ ಸೀರಿ ಕೊಡೂದೈತವಾ, ಲಗೂ ಬಾ."

"ಬಲ್ಬ ಸುಟ್ಟಿಲ್ಲಲ್ಲ? ತಗದ ಬ್ಯಾರೆ ಹಾಕಿ ನೋಡು."

"ಹಾಕಿ ನೋಡೀನಿ. ಇಲ್ಲ."

"ಹಂಗಾದ್ರ ತಂತಿ ಹರದೈತಿ. ಒಂದ ತುಂಡ ತಂತಿ ತಗೋ, ಎರಡೂ ತುದಿ ಸುಲಿ. ಬಲ್ಬಿನಿಂದ ಪಟ್ಟಿ ಈ ಕಡೆ ತುದಿಗೆ ಹಚ್ಚಿ ನೋಡು."

ಸ್ವಲ್ಪ ಹೊತ್ತಿನ ಮೇಲೆ ಲಕ್ಷ್ಮವ್ವ, "ಹಚ್ಚಿದೆ, ಇಲ್ಲ," ಎಂದಳು.

"ಅಂದ್ರ ಅಲ್ಲಿ ಛಲೋ ಐತಿ. ಇನ್ನ ಪಟ್ಟಿ ಆ ಕಡೆ ತುದಿಯಿಂದ ಸುರುಳಿಗ ಹಚ್ಚು. ಸ್ಟಾರ್ಟರಿನ ಹೊರಗಿರೂ ಸಣ್ಣ ಸ್ಕ್ರೂಕ ಅಷ್ಟ ತಾಗಸು, ಒಳಗ ಕೈ ಹಾಕಬ್ಯಾಡ."

ಮಂಗಲಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಕಾದಳು. ಒಲೆಯ ಮೇಲಿನ ಹಂಚು ಕಾಯುತ್ತಿತ್ತು.

"ಹತ್ತಿತು! ಮಂದಕ ಹತ್ತಿತವಾ!"

"ಹಂಗಾದ್ರ ಆ ತುಂಡಿನಾಗ ಐತಿ. ಬೆರಳಿಲೆ ಸವರಕೋತ ಹೋಗು."

ಆ ಕಡೆ ಲಕ್ಷ್ಮವ್ವ ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತ ಹುಡುಕುವುದು ಕೇಳುತ್ತಿತ್ತು. ಆಮೇಲೆ ಒಂದು ಹರ್ಷದ ಬೈಗುಳ. ಸ್ಕ್ರೂ ಸಡಿಲಾಗಿ ತಂತಿ ಜಾರಿತ್ತು. ತಾನೇ ಬಿಗಿದಳು. ಗುಂಡಿ ಒತ್ತಿದ ಸದ್ದು, ಹಿಂದೆಯೇ ಮಗ್ಗದ ಖಟಖಟ ಫೋನಿನ ತುಂಬ ತುಂಬಿಕೊಂಡಿತು. ಆ ಗದ್ದಲದ ನಡುವೆ ಲಕ್ಷ್ಮವ್ವ ಕೂಗಿ ಹೇಳಿದಳು:

"ನೀ ಬರೂದು ಬ್ಯಾಡ ಬಿಡು!"

ಮಂಗಲಾ ಫೋನು ಕೆಳಗಿಟ್ಟು, ಹಿಟ್ಟು ನಾದಿ, ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಏನಾಯಿತೆಂದು ಮುತ್ತವ್ವ ಒಳಗಿನಿಂದ ಕೇಳಿದಾಗ, "ಏನಿಲ್ಲ ಅತ್ತಿ, ಅಕಿನ ಮಾಡಕೊಂಡ್ಳು," ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಇದ್ದ ಸಂತೋಷ, ತಾನೇ ಹೋಗಿ ಸರಿಪಡಿಸಿ ಬಂದ ಯಾವ ದಿನಕ್ಕಿಂತಲೂ ದೊಡ್ಡದಿತ್ತು.